ಚಳಿಗಾಲದ ಯುರೋಪ್ ಪ್ರವಾಸ: ದರದೊಡನೆ ಹಗಲನ್ನೂ ಲೆಕ್ಕಿಸಿ

ಚಳಿಗಾಲದಲ್ಲಿ ಕುಟುಂಬಸಮೇತ ಯುರೋಪ್ ಪ್ರವಾಸ ಕೈಗೊಳ್ಳುವ ವರ್ತಕರು ಸಾಮಾನ್ಯವಾಗಿ ಪ್ಯಾಕೇಜಿನ ದರವನ್ನಷ್ಟೇ ತುಲನೆ ಮಾಡುತ್ತಾರೆ. ಹಗಲಿನ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ವಿರಳ. ಡಿಸೆಂಬರ್ ಕೊನೆಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹಗಲು 6 ಗಂಟೆಗಿಂತ ಕಡಿಮೆ. ಸ್ಪೇನಿನ ಸೆವಿಲ್‌ನಲ್ಲಿ 9 ಗಂಟೆಗೂ ಅಧಿಕ. ಅಂದರೆ, ಅದೇ ಮೊತ್ತಕ್ಕೆ ಒಂದೂವರೆ ಪಟ್ಟಿಗೂ ಹೆಚ್ಚು ಬೆಳಕು.

ಹಿಮ ಹಾಗೂ ಧ್ರುವಪ್ರಭೆಯೇ ಉದ್ದೇಶವಾದಲ್ಲಿ ಉತ್ತರದ ದೇಶಗಳು ಸರಿ. ಸ್ಮಾರಕ, ನಗರದರ್ಶನಗಳಿಗಾದರೆ, ಮಳೆಯ ಸಾಧ್ಯತೆಯಿದ್ದರೂ, ಸ್ಪೇನ್ ಮತ್ತು ಪೋರ್ಚುಗಲ್ ಲಾಭದಾಯಕ. ಜರ್ಮನಿಯ ಕ್ರಿಸ್‌ಮಸ್ ಪೇಟೆಗಳನ್ನು ಕಾಣಬಯಸುವವರು, ಅವುಗಳಲ್ಲಿ ಬಹುಪಾಲು ಡಿಸೆಂಬರ್ 24ರ ವೇಳೆಗೆ ಮುಚ್ಚುವುದನ್ನು ಗಮನಿಸಬೇಕು.

ಷೆಂಗೆನ್ ವೀಸಾ ಅರ್ಜಿಯನ್ನು ಹೆಚ್ಚು ದಿನ ತಂಗುವ ದೇಶಕ್ಕೇ ಸಲ್ಲಿಸಬೇಕಾಗಿರುವುದರಿಂದ, ಮೊದಲು ದೇಶದ ಆಯ್ಕೆ, ಅನಂತರ ಟಿಕೆಟ್ ಎಂಬ ಕ್ರಮವೇ ಕ್ಷೇಮ.