ಅಳತೆ ತೆಗೆದುಕೊಂಡ ಕೈಯ ಹೊಣೆ

ಕನ್ನಡ ಪಾಠ ಹೇಳುವವನೊಬ್ಬ ಕೃತಕ ಕಾಲಿನ ವಿಚಾರವಾಗಿ ಬರೆಯಹೊರಟರೆ, "ಇದು ನಿಮ್ಮ ಕ್ಷೇತ್ರವಲ್ಲವಲ್ಲ" ಎಂದು ಓದುಗರು ಆಕ್ಷೇಪಿಸುವುದು ನ್ಯಾಯವೇ. ಆ ಆಕ್ಷೇಪವನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಏಕೆಂದರೆ ನಾನು ಹೇಳಬೇಕೆಂದಿರುವುದು ಆ ಮಾತಿನ ವಿಷಯವನ್ನೇ. ಯಾವುದು ಯಾರ ಕ್ಷೇತ್ರ, ಬೇಲಿಯನ್ನು ಎಲ್ಲಿ ಹಾಕಬೇಕು, ಎರಡು ಬೇಲಿಗಳ ನಡುವೆ ಸಿಕ್ಕಿಬಿದ್ದವನ ಗತಿಯೇನು: ಈ ಪ್ರಶ್ನೆಗಳನ್ನು ನನ್ನ ಮುಂದೆ ತಂದು ನಿಲ್ಲಿಸಿದವನು ನನ್ನ ತರಗತಿಯ ಒಬ್ಬ ವಿದ್ಯಾರ್ಥಿ.

ಎರಡನೆಯ ವರ್ಷದ ಬಿ.ಎ. ಹುಡುಗ. ರಸ್ತೆಯ ಅಪಘಾತವೊಂದರಲ್ಲಿ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ತಂದೆ ಸಾಲ ಮಾಡಿ ಪಟ್ಟಣದ ಅಂಗಡಿಯೊಂದರಲ್ಲಿ ಕೃತಕ ಕಾಲು ಮಾಡಿಸಿಕೊಟ್ಟರು. ಹುಡುಗ ಅದನ್ನು ತೊಟ್ಟು ಕಾಲೇಜಿಗೆ ನಡೆದು ಬಂದ ದಿನ ಗೆಳೆಯರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮೂರು ತಿಂಗಳು ಕಳೆಯುವುದರೊಳಗೆ ವರಾಂಡದಲ್ಲಿ ಮತ್ತೆ ಊರುಗೋಲಿನ ಸದ್ದು ಕೇಳಿತು.

"ಏನಪ್ಪಾ, ಮತ್ತೆ ಊರುಗೋಲು ಹಿಡಿದೆಯಲ್ಲ?" ಎಂದೆ.

"ಕಾಲು ಮನೆಯ ಮೂಲೆಯಲ್ಲಿ ನಿಂತಿದೆ, ಸಾರ್. ನನಗಿಂತ ಚೆನ್ನಾಗಿ ಅದಕ್ಕೇ ನಿಲ್ಲಲು ಬರುತ್ತದೆ" ಎಂದು ನಕ್ಕ.

ನಗು ನಿಂತ ಮೇಲೆ ಉಳಿದ ಕಥೆ ಹೊರಬಿತ್ತು. ಕೃತಕ ಕಾಲಿನ ಬಟ್ಟಲಿನೊಳಗೆ ಕೂರುವ ಮೋಟುಗಾಲಿನ ಹೊರಮಗ್ಗುಲಲ್ಲಿ ಹುಣ್ಣಾಗಿತ್ತು. ಅಂಗಡಿಯವರು, "ಗಾಯ ವೈದ್ಯರ ವಿಷಯ" ಎಂದರು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, "ನನ್ನ ಹೊಲಿಗೆ ಚೆನ್ನಾಗಿ ಮಾಗಿದೆ; ಒತ್ತುತ್ತಿರುವುದು ಅವರು ಕೊಟ್ಟ ಕಾಲು" ಎಂದರು. ನಡಿಗೆ ಕಲಿಸಿದ ಫಿಸಿಯೋಥೆರಪಿಸ್ಟರು, "ಬಟ್ಟಲನ್ನು ಮುಟ್ಟುವ ಅಧಿಕಾರ ನನಗಿಲ್ಲ" ಎಂದರು. ಮೂವರೂ ಸುಳ್ಳು ಹೇಳಲಿಲ್ಲ. ಆದರೆ ಹುಣ್ಣು ಮಾತ್ರ ಹುಡುಗನದಾಗಿಯೇ ಉಳಿಯಿತು. ಕಾಲು ಕೊಡಿಸುವ ಮಾತು ನಡೆದಿದ್ದಾಗ ಮೂವರಿಗೂ ಅದರಲ್ಲಿ ಹಕ್ಕಿತ್ತು. ಕಾಲು ಕಚ್ಚತೊಡಗಿದಾಗ ಒಬ್ಬರಿಗೂ ಹೊಣೆ ಇರಲಿಲ್ಲ.

ಕೃತಕ ಅವಯವಗಳನ್ನೂ ಕ್ಯಾಲಿಪರು, ಬೆನ್ನಿನ ಕವಚ ಮೊದಲಾದ ಆಧಾರಸಾಧನಗಳನ್ನೂ ತೊಡಿಸುವ ಅಧಿಕಾರ ಯಾರದು ಎಂಬ ವಿವಾದ ಇಂದು ಹಲವು ದೇಶಗಳಲ್ಲಿದೆ. ಇದನ್ನೇ ನಾಲ್ಕೂವರೆ ವರ್ಷ ಓದಿ ಪದವಿ ಪಡೆದ ಪ್ರಾಸ್ಥೆಟಿಸ್ಟರು, ಆರ್ಥೋಟಿಸ್ಟರು ಒಂದು ಕಡೆ. ಫಿಸಿಯೋಥೆರಪಿಸ್ಟರು, ಮೂಳೆ ವೈದ್ಯರು, ಅನುಭವದಿಂದ ಪಳಗಿದ ಕುಶಲಕರ್ಮಿಗಳು, ಬೆಲ್ಟು ಮಾರುವ ಔಷಧಿ ಅಂಗಡಿಯವರು ಇನ್ನೊಂದು ಕಡೆ. ನಮ್ಮ ದೇಶದಲ್ಲಿ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ, ಮಾನ್ಯವಾದ ವಿದ್ಯಾರ್ಹತೆ ಪಡೆದು ಪರಿಷತ್ತಿನ ದಾಖಲೆಯಲ್ಲಿ ಹೆಸರು ಬರೆಸಿಕೊಳ್ಳದವರು ಈ ವೃತ್ತಿಯನ್ನು ನಡೆಸಬಾರದೆಂದು ವಿಧಿಸಿದೆ. ಮೀರಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಕಾನೂನು ಇಷ್ಟು ಖಂಡಿತವಾಗಿ ಮಾತನಾಡಿದರೂ ಅಂಗಡಿಗಳಿಗೇನೂ ಕೊರತೆಯಿಲ್ಲ.

ಬೇಲಿ ಬೇಕೆನ್ನುವವರ ವಾದವನ್ನು ಹೊಟ್ಟೆಪಾಡಿನ ಹಟವೆಂದು ತಳ್ಳಿಹಾಕುವುದು ತಪ್ಪು. ಮೊಣಕಾಲಿನ ಹೊರಮಗ್ಗುಲಲ್ಲಿ, ತುಸು ಕೆಳಗೆ, ಕಿರುಮೂಳೆಯ ತಲೆಯಿದೆ. ಅದರ ಕೊರಳನ್ನು ಬಳಸಿಕೊಂಡು ಒಂದು ನರ ಇಳಿಯುತ್ತದೆ. ಕ್ಯಾಲಿಪರಿನ ಪಟ್ಟಿ ಅಲ್ಲಿ ಒತ್ತುತ್ತಲೇ ಇದ್ದರೆ ಪಾದವನ್ನು ಮೇಲೆತ್ತುವ ಶಕ್ತಿಯೇ ಕುಂದಬಹುದು. ಮೊಣಕಾಲು ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಮೈಭಾರವನ್ನು ತಡೆದುಕೊಳ್ಳುತ್ತದೆ. ಅದರ ಕೆಳಗಿನ ಮೂಳೆಯ ಅಂಚು ತಡೆದುಕೊಳ್ಳುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಬೂಟು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹುಣ್ಣು ಕಣ್ಣಿಗೆ ಬೀಳುವ ಹೊತ್ತಿಗೆ ಬೆರಳನ್ನೇ ತೆಗೆಯಬೇಕಾದ ಕಾಲ ಬಂದಿರಬಹುದು. ಇದನ್ನೆಲ್ಲ ಅರಿಯದ ಕೈ, ಎಷ್ಟೇ ಸದುದ್ದೇಶದ ಕೈಯಾಗಿರಲಿ, ಅಪಾಯದ ಕೈ.

ಆದರೆ ಚರಿತ್ರೆ ಇನ್ನೊಂದು ಮಾತನ್ನೂ ಹೇಳುತ್ತದೆ. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಆಂಬ್ರ್ವಾಸ್ ಪಾರೆ ಎಂಬ ಶಸ್ತ್ರವೈದ್ಯನಿದ್ದ. ಅವನು ಕ್ಷೌರಿಕ ವೃತ್ತಿಯ ಶಸ್ತ್ರವೈದ್ಯರ ಪಂಗಡದಿಂದ ಬಂದವನು, ಲ್ಯಾಟಿನ್ ಬಲ್ಲವನಲ್ಲ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗಾಗಿ ಕೃತಕ ಅವಯವಗಳನ್ನು ಯೋಚಿಸಿ, ಅವುಗಳ ಚಿತ್ರಗಳನ್ನು ತನ್ನ ಗ್ರಂಥದಲ್ಲಿ ಕೊಟ್ಟ. ಅವನ ಕಲ್ಪನೆಗೆ ಕಬ್ಬಿಣದ ರೂಪ ಕೊಟ್ಟವನು ಪ್ಯಾರಿಸಿನ ಬೀಗ ಮಾಡುವ ಒಬ್ಬ ಕಮ್ಮಾರ. 1575ರಲ್ಲಿ ಪಾರೆಯ ಸಮಗ್ರ ಗ್ರಂಥ ತಾಯ್ನುಡಿಯಾದ ಫ್ರೆಂಚಿನಲ್ಲಿ ಹೊರಬಂದಾಗ ಪ್ಯಾರಿಸಿನ ವೈದ್ಯಪಂಡಿತ ಮಂಡಲಿ ಅಡ್ಡ ನಿಂತಿತು. ದೇಶಭಾಷೆಯಲ್ಲಿ ಶಾಸ್ತ್ರ ಬರೆಯುವವರ ಪಾಡನ್ನು ಬಲ್ಲ ಕನ್ನಡಿಗರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. ವಿದೇಶೀ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕು. ಅದನ್ನು ತೊಟ್ಟು ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು, ಕೆಸರುಗದ್ದೆಯಲ್ಲಿ ನಡೆಯುವುದು ಕಷ್ಟ. ಈ ತೊಡಕನ್ನು ಬಿಡಿಸಿ 1968ರಲ್ಲಿ ಜೈಪುರದ ಪಾದವನ್ನು ರೂಪಿಸಿದವರಲ್ಲಿ ಡಾ. ಪಿ. ಕೆ. ಸೇಠಿಯವರು ಮೂಳೆ ಶಸ್ತ್ರವೈದ್ಯರು. ಅವರ ಜೊತೆಗಾರರಾದ ರಾಮಚಂದ್ರ ಶರ್ಮರು ಹೆಚ್ಚು ಶಾಲೆ ಕಾಣದ ಕುಶಲಕರ್ಮಿ. ವೈದ್ಯರಿಗೆ ಪಾದದೊಳಗಿನ ಕೀಲುಗಳ ಚಲನೆ ಗೊತ್ತಿತ್ತು. ಶರ್ಮರಿಗೆ ಮರ, ರಬ್ಬರುಗಳ ಸ್ವಭಾವ ಗೊತ್ತಿತ್ತು. ಒಬ್ಬರನ್ನು ಬೇಲಿಯ ಹೊರಗೆ ನಿಲ್ಲಿಸಿದ್ದರೆ ಆ ಪಾದ ಹುಟ್ಟುತ್ತಿರಲಿಲ್ಲ. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ವೈದ್ಯರಿಗೆ. ಅದು ಅನರ್ಹವೆಂದು ನಾನು ಹೇಳಲಾರೆ. ಆದರೆ ಕೈಯ ವಿದ್ಯೆಗೆ ನಮ್ಮಲ್ಲಿ ಎಂಥ ಸ್ಥಾನವಿದೆಯೆಂಬುದನ್ನು ಅದು ನೆನಪಿಸುತ್ತದೆ.

ಈ ಸ್ಥಾನದ ಪ್ರಶ್ನೆ ನಮ್ಮಲ್ಲಿ ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಕೇಳಿ ಕಣ್ಣೀರಿಡುವ ನಾವೇ, ಪಾದದ ಅಳತೆ ಬಲ್ಲವರನ್ನು ಊರ ಹೊರಗಿಟ್ಟೆವು. ಇಂದು ಪದವಿಯ ಹೆಸರಿನಲ್ಲಿ ಹಾಕುವ ಬೇಲಿ ಆ ಹಳೆಯ ಬೇಲಿಯ ಗುಂಟವನ್ನೇ ಬಳಸಿಕೊಳ್ಳದಂತೆ ಎಚ್ಚರ ಬೇಕು.

ಹಾಗಾದರೆ ಬೇಲಿಯನ್ನು ಕಿತ್ತೊಗೆಯೋಣವೆ? ಅಮೆರಿಕದ ಅನುಭವ ಇಲ್ಲಿ ನೋಡತಕ್ಕದ್ದು. ರೋಗಿಗೆಂದೇ ಮಾಡಿಸಿದ ಸಾಧನಗಳಿಗೆ ಸರ್ಕಾರದ ವಿಮೆಯ ಹಣ ಸಲ್ಲಬೇಕಾದರೆ ಅವನ್ನು ಅರ್ಹರೇ ಒದಗಿಸಿರಬೇಕೆಂದು ಅಲ್ಲಿ 2000ದಲ್ಲಿ ಶಾಸನವಾಯಿತು. ಅರ್ಹರು ಯಾರು? ಶಾಸನ ಫಿಸಿಯೋಥೆರಪಿಸ್ಟರನ್ನೂ ಹೆಸರಿಸಿತ್ತು. ಅವರೂ ಬೇರೆ ಪ್ರಮಾಣಪತ್ರ ಪಡೆಯಬೇಕೆ ಎಂಬಲ್ಲಿ ಜಗಳ ಹತ್ತಿತು. ಸಂಧಾನ ಸಮಿತಿ ಕೂತಿತು, ಒಮ್ಮತ ಬರಲಿಲ್ಲ. 2017ರ ಜನವರಿಯಲ್ಲಿ ನಿಯಮದ ಕರಡು ಹೊರಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಹದಿನೇಳು ವರ್ಷ ದೊಡ್ಡವರು ವಾದಿಸಿದರು. ಅಷ್ಟು ದಿನ ಮೋಟುಗಾಲುಗಳೇನೂ ಕಾದು ಕೂರಲಿಲ್ಲ.

ನನ್ನ ಅಭಿಪ್ರಾಯವಿಷ್ಟು. ಗೆರೆಯನ್ನು ಪಂಗಡಗಳ ನಡುವೆ ಎಳೆಯುವುದಕ್ಕಿಂತ ಕೆಲಸಗಳ ನಡುವೆ ಎಳೆಯುವುದು ಮೇಲು. ಉಳುಕಿದ ಮಣಿಕಟ್ಟಿಗೆ ಸಿದ್ಧಪಟ್ಟಿ ಕಟ್ಟುವುದೂ ಅಚ್ಚು ತೆಗೆದು ಮೋಟುಗಾಲಿಗೆ ಬಟ್ಟಲು ಮಾಡುವುದೂ ಒಂದೇ ಬಗೆಯ ಕೆಲಸವಲ್ಲ. ಮೊದಲನೆಯದಕ್ಕೆ ಪದವಿ ಕೇಳುವುದು ಅತಿ. ಎರಡನೆಯದಕ್ಕೆ ಕೇಳದಿರುವುದು ಅನ್ಯಾಯ. ಆ ಎರಡನೆಯ ಕೆಲಸವನ್ನು ಫಿಸಿಯೋಥೆರಪಿಸ್ಟರು ಮಾಡಬಯಸಿದರೆ ಅದೇ ಪರೀಕ್ಷೆಗೆ ಕೂರಲಿ. ಮೂವತ್ತು ವರ್ಷ ಪಳಗಿದ ಕುಶಲಕರ್ಮಿಗೆ ಇಂಗ್ಲಿಷಿನ ಪ್ರಶ್ನೆಪತ್ರಿಕೆಯ ಬದಲು ಕೈಯ ಪರೀಕ್ಷೆ ಇಡಲಿ, ತಿಳಿಯದ ಶರೀರಶಾಸ್ತ್ರವನ್ನು ಅವನ ಭಾಷೆಯಲ್ಲೇ ಕಲಿಸಲಿ, ಅರ್ಹರ ಜೊತೆಯಲ್ಲಿ ನಿಲ್ಲಿಸಲಿ. ಎಲ್ಲಕ್ಕೂ ಮಿಗಿಲಾಗಿ, ಅಳತೆ ತೆಗೆದುಕೊಂಡವರು ಯಾರೇ ಆಗಲಿ, ರೋಗಿಯ ಚೀಟಿಯಲ್ಲಿ ತಮ್ಮ ಹೆಸರು ಬರೆದು, ಇಂಥ ದಿನ ಮತ್ತೆ ಬಾ ಎಂದು ದಿನಾಂಕ ಹಾಕಿಕೊಡಲಿ. ಆ ಹೆಸರನ್ನು ಬರೆಯಲು ಹಿಂಜರಿಯುವವರಿಗೆ ಅಳತೆ ತೆಗೆಯುವ ಹಕ್ಕೂ ಬೇಡ.

ನನಗೆ ಎಂ.ಎ. ಪದವಿಯಿರುವುದರಿಂದ ಪಾಠ ಹೇಳುವ ಅಧಿಕಾರ ಸಿಕ್ಕಿತು. ಪಾಠ ಹೇಳಲು ಬರುತ್ತದೆಯೇ ಎಂಬುದನ್ನು ಹೇಳಬೇಕಾದವರು ಹುಡುಗರು. ಪದವಿ ಬಾಗಿಲನ್ನು ತೆರೆಯುತ್ತದೆ. ಒಳಗೆ ಬಂದ ಮೇಲೆ ಸಾಕ್ಷಿ ಹೇಳುವುದು ಬೇರೆಯವರ ಕೆಲಸ. ಕೃತಕ ಕಾಲಿನ ವಿಷಯದಲ್ಲಿ ಆ ಸಾಕ್ಷಿ ತೊಟ್ಟವನದು. ನಿಯಮ ಮಾಡುವ ಸಭೆಗಳಲ್ಲಿ ಅವನಿಗೊಂದು ಕುರ್ಚಿ ಇರಲೇಬೇಕು.

ಹುಡುಗನನ್ನು ಕೊನೆಗೆ ಬೇರೊಂದು ಕೇಂದ್ರಕ್ಕೆ ಕಳುಹಿಸಿದೆವು. ಅಲ್ಲಿನ ಪದವೀಧರೆಯಾದ ಪ್ರಾಸ್ಥೆಟಿಸ್ಟ್ ಹೆಣ್ಣುಮಗಳು ಗಾಯ ನೋಡಿದೊಡನೆ ಕಾರಣ ಹೇಳಿದಳಂತೆ: ಶಸ್ತ್ರಚಿಕಿತ್ಸೆಯ ಬಾವು ಇಳಿದು ಮೋಟುಗಾಲು ತೆಳ್ಳಗಾಗಿದೆ, ಸಡಿಲವಾದ ಬಟ್ಟಲಿನಲ್ಲಿ ಅದು ಕೆಳಕ್ಕೆ ಜಾರಿ, ಮೂಳೆ ತಗುಲಬಾರದ ಕಡೆ ತಗುಲುತ್ತಿದೆ. ಮೊದಲ ತಿಂಗಳುಗಳಲ್ಲಿ ಹೀಗಾಗುವುದು ಸಹಜ. ಅದಕ್ಕಾಗಿಯೇ ಮತ್ತೆ ಮತ್ತೆ ನೋಡಬೇಕು. ಹುಣ್ಣು ಮಾಗುವವರೆಗೆ ಕಾದು ಆಕೆ ಹೊಸ ಅಚ್ಚು ತೆಗೆದಳು. ಎಲ್ಲಿ ಎಷ್ಟು ತೆಗೆಯಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಆ ಗುರುತಿನಂತೆ ಉಜ್ಜಿ ನಯ ಮಾಡಿಕೊಟ್ಟವನು ಯಾವ ಪದವಿಯೂ ಇಲ್ಲದ ಒಬ್ಬ ಮುದುಕ. ಚೀಟಿಯಲ್ಲಿ ಆಕೆಯ ಹೆಸರಿದೆ. ಮುಂದಿನ ಭೇಟಿಯ ದಿನಾಂಕವಿದೆ.

ಬೋರ್ಡಿನ ಮೇಲೆ ಯಾರ ಹೆಸರಿರಬೇಕೆಂಬ ಜಗಳ ಬೇಕಾದರೆ ಇನ್ನಷ್ಟು ದಿನ ನಡೆಯಲಿ. ನೋವಾದಾಗ ತಟ್ಟಬೇಕಾದ ಬಾಗಿಲು ಯಾವುದೆಂಬುದು ಮಾತ್ರ, ಕಾಲು ತೊಡುವ ಮೊದಲೇ ತೊಡುವವನಿಗೆ ತಿಳಿದಿರಲಿ.