ಪದಾರ್ಥವೂ ಪಾತ್ರೆಯೂ

ಬಂಡವಾಳದ ವಿಚಾರ ಬರೆಯಲು ಈ ಅಂಕಣಕಾರನಿಗೆ ಯಾವ ಅಧಿಕಾರವಿದೆಯೆಂದು ವಾಚಕರು ಕೇಳಿದರೆ ತಪ್ಪಿಲ್ಲ. ತರಗತಿಯಲ್ಲಿ ಹಳಗನ್ನಡ ವ್ಯಾಕರಣ ಹೇಳಿ, ತಿಂಗಳ ಮೊದಲಲ್ಲಿ ಸಂಬಳ ಎಣಿಸಿ, ತಿಂಗಳ ಕೊನೆಯಲ್ಲಿ ಚಿಲ್ಲರೆ ಎಣಿಸುವ ಮೇಷ್ಟ್ರಿಗೂ ಷೇರುಪೇಟೆಗೂ ಇರುವ ನಂಟು ಬಹಳ ದೂರದ್ದು. ಆದರೆ 2025ರ ಬೇಸಿಗೆಯ ರಜೆಯಲ್ಲಿ ನಾನು ಕೆನಡ ದೇಶದ ಟೊರಾಂಟೋ ನಗರಕ್ಕೆ ಅಂಟಿಕೊಂಡಿರುವ ಮಿಸಿಸಾಗದಲ್ಲಿ, ಅಕ್ಕನ ಮನೆಯಲ್ಲಿ, ಐದು ವಾರ ಇದ್ದೆ. ಆ ಮನೆಯ ಊಟದ ಮೇಜಿನ ಮೇಲೆ ನಾಲ್ಕು ಸಂಜೆ ಸತತವಾಗಿ ನಡೆದ ವಾದವೊಂದಕ್ಕೆ ನಾನು ಸಾಕ್ಷಿ. ಮಗನನ್ನೋ ಮಗಳನ್ನೋ ಆ ದೇಶಕ್ಕೆ ಕಳುಹಿಸಿಕೊಟ್ಟವರು ನಮ್ಮ ಓದುಗರಲ್ಲಿ ಈಗ ಕಡಮೆಯಿಲ್ಲವಾದ್ದರಿಂದ ಅದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನನ್ನ ಭಾವನವರು ಎಂಜಿನಿಯರು. ಗೆರೆ ಎಳೆದ ನೋಟುಪುಸ್ತಕವಿಲ್ಲದೆ ಅವರು ತರಕಾರಿಯನ್ನೂ ಕೊಳ್ಳುವವರಲ್ಲ. ಮೊದಲ ಸಂಜೆ ಆ ಪುಸ್ತಕದಲ್ಲಿ ಒಂಬತ್ತು ಇಂಡೆಕ್ಸ್ ಫಂಡುಗಳ ಹೆಸರು ಬರೆದುಕೊಂಡು, ಯಾವುದನ್ನು ಯಾವ ಖಾತೆಯಲ್ಲಿಡಬೇಕೆಂದು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು.

"ಇಂಡೆಕ್ಸ್ ಫಂಡು ಎಂದರೇನು ಭಾವ?" ಎಂದೆ.

"ಗೆಲ್ಲುವ ಕುದುರೆ ಯಾವುದೆಂದು ಹುಡುಕದೆ, ಇಡೀ ಲಾಯದಲ್ಲಿ ಒಂದೊಂದು ಪಾಲು ಕೊಳ್ಳುವುದಪ್ಪ" ಎಂದರು.

ವಿಷಯ ಅಷ್ಟೇ. ಪೇಟೆಯ ಸೂಚ್ಯಂಕದಲ್ಲಿ ಯಾವ ಯಾವ ಕಂಪನಿ ಎಷ್ಟೆಷ್ಟು ಇದೆಯೋ ಅದೇ ಪ್ರಮಾಣದಲ್ಲಿ ಕೊಂಡಿಟ್ಟುಕೊಳ್ಳುವುದು. ಆರಿಸುವ ಪಂಡಿತರಿಗೆ ಸಂಬಳ ಕೊಡಬೇಕಾಗಿಲ್ಲ. ಆದ್ದರಿಂದ ಖರ್ಚು ಕಡಮೆ. ಅಮೆರಿಕದ ಜಾನ್ ಬೋಗಲ್ 1976ರಲ್ಲಿ ಇಂಥ ಫಂಡೊಂದನ್ನು ಸಾಮಾನ್ಯ ಜನರ ಮುಂದಿಟ್ಟಾಗ 15 ಕೋಟಿ ಡಾಲರು ಕೂಡಬಹುದೆಂದು ಆಸೆಪಟ್ಟಿದ್ದರು. ಕೂಡಿದ್ದು ಒಂದು ಕೋಟಿ ಚಿಲ್ಲರೆ. ಜನ ನಕ್ಕರು. ಇಂದು ಯಾರೂ ನಗುವುದಿಲ್ಲ. ಷೇರಿನಂತೆಯೇ ಪೇಟೆಯಲ್ಲಿ ಕೊಂಡು ಮಾರಬಹುದಾದ ಇ.ಟಿ.ಎಫ್. ಎಂಬ ರೂಪವಂತೂ ಮೊದಲು ಹುಟ್ಟಿದ್ದು 1990ರಲ್ಲಿ, ಇದೇ ಟೊರಾಂಟೋ ಷೇರುಪೇಟೆಯಲ್ಲಿ. ಭಾವನವರು ಇದನ್ನು ಹೇಳುವಾಗ ತಾವೇ ಹೆತ್ತಂತೆ ಹೆಮ್ಮೆಪಟ್ಟರು.

ಹಾಗಾದರೆ ಕಷ್ಟವೇನು? ಕಷ್ಟ ಫಂಡಿನಲ್ಲಿಲ್ಲ, ಖಾತೆಯಲ್ಲಿದೆ ಎಂದಳು ಅಡಿಗೆಮನೆಯಿಂದ ಅಕ್ಕ. "ಹುಳಿಯನ್ನು ಕಲಾಯಿಯಿಲ್ಲದ ಹಿತ್ತಾಳೆಯಲ್ಲಿಟ್ಟರೆ ಕಿಲುಬು ಹತ್ತುತ್ತದೆ. ಉಪ್ಪಿನಕಾಯಿಗೆ ಜಾಡಿಯೇ ಬೇಕು. ಇವರು ಪದಾರ್ಥ ನೋಡುತ್ತಾರೆ, ಪಾತ್ರೆ ನೋಡುವುದಿಲ್ಲ." ಅಕ್ಕ ಎಂ.ಎ. ಮಾಡಿದವಳಲ್ಲ; ಆದರೂ ಪಾತ್ರಾಪಾತ್ರ ವಿವೇಚನೆಯನ್ನು ನನಗಿಂತ ಚೆನ್ನಾಗಿ ಬಲ್ಲಳು.

ಆ ದೇಶದ ಪಾತ್ರೆಗಳು ಇವು. ಆರ್.ಆರ್.ಎಸ್.ಪಿ. ಎಂಬುದು 1957ರಿಂದ ಇರುವ ನಿವೃತ್ತಿಯ ಖಾತೆ. ಹಿಂದಿನ ವರ್ಷದ ದುಡಿಮೆಯ ನೂರಕ್ಕೆ 18ರಷ್ಟನ್ನು, ಒಂದು ಮಿತಿಯೊಳಗೆ, ಅದರಲ್ಲಿ ತುಂಬಬಹುದು. 2025ಕ್ಕೆ ಆ ಮಿತಿ 32,490 ಡಾಲರು. ತುಂಬಿದಷ್ಟನ್ನು ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕುತ್ತಾರೆ. ಆದರೆ ಮುಂದೆ ಹೊರತೆಗೆದಾಗ ಇಡೀ ಮೊತ್ತ ಆದಾಯವೇ. ಈಗಿನ ತೆರಿಗೆಯ ದರ ಮುಪ್ಪಿನ ದರಕ್ಕಿಂತ ಹೆಚ್ಚಿದ್ದವರಿಗೆ ಲಾಭ, ತಿರುಗಾಮುರುಗಾ ಆದವರಿಗೆ ನಷ್ಟ. ಇನ್ನೊಂದು ಟಿ.ಎಫ್.ಎಸ್.ಎ.; 2009ರಲ್ಲಿ ಬಂದದ್ದು. ಇಲ್ಲಿ ಹಾಕುವಾಗ ವಿನಾಯಿತಿಯಿಲ್ಲ; ಬೆಳೆದದ್ದಕ್ಕೂ ತೆಗೆದದ್ದಕ್ಕೂ ತೆರಿಗೆಯೂ ಇಲ್ಲ. ಮಕ್ಕಳ ಓದಿಗೆ ಆರ್.ಇ.ಎಸ್.ಪಿ.: ವರ್ಷಕ್ಕೆ 2,500 ಡಾಲರು ಹಾಕಿದರೆ ಸರ್ಕಾರ 500 ಸೇರಿಸುತ್ತದೆ. ಬಿಟ್ಟಿ ಬರುವುದನ್ನು ಬಿಡಬಾರದೆಂದು ಅಕ್ಕ ಮಗನ ಹೆಸರಿನಲ್ಲಿ ಅದನ್ನು ಎಂದೂ ತಪ್ಪಿಸಿದವಳಲ್ಲ. ಇವೆಲ್ಲ ತುಂಬಿದ ಮೇಲೆ ಉಳಿದದ್ದು ಸಾಮಾನ್ಯ ಖಾತೆಗೆ. ಅದರ ಮೇಲೆ ವರ್ಷವರ್ಷವೂ ತೆರಿಗೆಯ ಕಣ್ಣು ಇದ್ದೇ ಇರುತ್ತದೆ.

ಪಾತ್ರೆಯನ್ನು ಅರಿಯದೆ ತುಂಬಿದ್ದಕ್ಕೆ ಈ ಮನೆಯವರು ಒಮ್ಮೆ ಬೆಲೆ ತೆತ್ತಿದ್ದಾರೆ. ಅವರು ವಲಸೆ ಹೋದದ್ದು 2017ರಲ್ಲಿ. ಮೈಸೂರಿನಲ್ಲಿದ್ದ ನಿವೇಶನವನ್ನು ಮಾರಿ ಬಂದ ಹಣ ಕೈಯಲ್ಲಿತ್ತು. ಟಿ.ಎಫ್.ಎಸ್.ಎ.ಯಲ್ಲಿ 52,000 ಡಾಲರಿನವರೆಗೆ ಹಾಕಬಹುದೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅವರು ಹೇಳಿದ್ದು ಸುಳ್ಳೇನಲ್ಲ. 2009ರಿಂದಲೂ ಅಲ್ಲಿಯೇ ಇದ್ದ ವಯಸ್ಕರಿಗೆ ಅಂದು ಕೂಡಿಬಂದ ಅವಕಾಶ ಅಷ್ಟೇ. ಆದರೆ ಹೊಸದಾಗಿ ಬಂದವರಿಗೆ ಎಣಿಕೆ ಶುರುವಾಗುವುದು ನಿವಾಸಿಯಾದ ವರ್ಷದಿಂದ. ಭಾವನವರಿಗೆ ಇದ್ದದ್ದು ಕೇವಲ 5,500. ಅವರು ಜುಲೈಯಲ್ಲಿ ಹಾಕಿದ್ದು 30,000. ಹೆಚ್ಚಾದ 24,500ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, ಅಂದರೆ 245 ಡಾಲರು ದಂಡ. ಜನವರಿಯಲ್ಲಿ ಹೊಸ ವರ್ಷದ ಅವಕಾಶ ಸೇರಿ ಅದು 190ಕ್ಕೆ ಇಳಿಯಿತು. ಮಾರನೆಯ ಜೂನಿನಲ್ಲಿ ಇಲಾಖೆಯ ಕಾಗದ ಬಂದು, ಹೆಚ್ಚಿನ ಹಣ ಹೊರತೆಗೆಯುವ ಹೊತ್ತಿಗೆ ಒಟ್ಟು 2,610 ಡಾಲರು ಆಗಿತ್ತು. ಅದು ಅಮ್ಮನನ್ನು ಕರೆಸಿಕೊಳ್ಳಲು ಅಕ್ಕ ತೆಗೆದಿಟ್ಟಿದ್ದ ದುಡ್ಡು. ಅಮ್ಮ ಆ ವರ್ಷ ಹೋಗಲಿಲ್ಲ. ತಿಳಿಯದೆ ಮಾಡಿದ ತಪ್ಪಿಗೆ ದಂಡ ಮನ್ನಾ ಮಾಡಿರೆಂದು ಅರ್ಜಿ ಸಲ್ಲಿಸಬಹುದೆಂಬುದು ಭಾವನವರಿಗೆ ತಿಳಿದದ್ದು ಕಟ್ಟಿದ ಎಷ್ಟೋ ಕಾಲದ ಮೇಲೆ.

2025ರಲ್ಲಿ ಆ ಲೆಕ್ಕ ಹೀಗಿತ್ತು: 2009ರಿಂದ ಅಲ್ಲಿದ್ದವರಿಗೆ 2025ರ ವರೆಗೆ ಕೂಡಿದ ಅವಕಾಶ 1,02,000 ಡಾಲರು, 2017ರಲ್ಲಿ ಬಂದ ನಮ್ಮ ಭಾವನವರಿಗೆ 55,500. ಈ ವರ್ಷ ಹಣ ತೆಗೆದರೆ ಆ ಜಾಗ ಮತ್ತೆ ಸಿಗುವುದು ಮುಂದಿನ ಜನವರಿ 1ರಂದು. ಈ ಎರಡು ವಾಕ್ಯಗಳನ್ನು ವಾಚಕರು ಕತ್ತರಿಸಿ ಅಂಚೆಯಲ್ಲಿ ಮಗನಿಗೆ ಕಳುಹಿಸಿದರೂ ನನಗೆ ಸಂತೋಷವೇ.

ಎರಡನೆಯ ಸಂಜೆಯ ವಾದ ಸಾಮಾನ್ಯ ಖಾತೆಯದು. ಅಲ್ಲಿ ಬಡ್ಡಿ ಬಂದರೆ ಪೂರ್ತಿ ತೆರಿಗೆ. ಪರದೇಶದ ಕಂಪನಿಗಳ ಲಾಭಾಂಶಕ್ಕೂ ಪೂರ್ತಿ. ಕೆನಡದ ಕಂಪನಿಗಳ ಲಾಭಾಂಶಕ್ಕೆ ತೆರಿಗೆಯಲ್ಲಿ ಸ್ವಲ್ಪ ಸೋಡಿಯುಂಟು. ಮಾರಿದಾಗ ಬಂದ ಲಾಭದಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಲಾಭಗಳಿಗೆ ಅದನ್ನು ಮೂರನೆಯ ಎರಡು ಪಾಲಿಗೆ ಏರಿಸುವೆವೆಂದು 2024ರಲ್ಲಿ ಸರ್ಕಾರ ಹೇಳಿತ್ತು, 2025ರ ಮಾರ್ಚಿಯಲ್ಲಿ ಕೈಬಿಟ್ಟಿತು. ಆದ್ದರಿಂದ ಬಾಂಡುಗಳ ಫಂಡನ್ನು ನೋಂದಾಯಿತ ಖಾತೆಗಳ ಒಳಗೆ ಇಟ್ಟು, ಬರಿಯ ಷೇರಿನ ಫಂಡನ್ನು ಹೊರಗಿಡುವುದು ಮೇಲು. ಇನ್ನು, ವರ್ಷದ ಕೊನೆಯಲ್ಲಿ ಕೆಲವು ಫಂಡುಗಳು ಲಾಭವನ್ನು ಕೈಗೆ ಕೊಡದೆ ಒಳಗೇ ಮತ್ತೆ ಹೂಡಿ, ತೆರಿಗೆಯ ಚೀಟಿಯಲ್ಲಿ ಮಾತ್ರ ತೋರಿಸುತ್ತವೆ. ಅದನ್ನು ನಮ್ಮ ಅಸಲಿಗೆ ಸೇರಿಸಿ ಬರೆದಿಟ್ಟುಕೊಳ್ಳದಿದ್ದರೆ, ಮಾರುವ ದಿನ ಅದೇ ಲಾಭಕ್ಕೆ ಎರಡನೆಯ ಸಲ ತೆರಿಗೆ ಕಟ್ಟಿದಂತಾಗುತ್ತದೆ. ಇಲ್ಲಿ ಮಾತ್ರ ಭಾವನವರ ನೋಟುಪುಸ್ತಕಕ್ಕೆ ನಾನು ತಲೆಬಾಗುತ್ತೇನೆ. ನಷ್ಟದಲ್ಲಿ ಮಾರಿ, ಮೂವತ್ತು ದಿನದೊಳಗೆ ಅದೇ ಫಂಡನ್ನು ಹೆಂಡತಿಯ ಹೆಸರಿನಲ್ಲಿ ಕೊಂಡರೂ ಆ ನಷ್ಟವನ್ನು ತೋರಿಸಿಕೊಳ್ಳುವಂತಿಲ್ಲವೆಂಬುದನ್ನು ಅವರು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ.

ಯಾವ ಫಂಡು ಎಂಬುದು ಅಷ್ಟೇನೂ ಗಹನವಲ್ಲ. ಒಂಬತ್ತು ಫಂಡುಗಳ ಕೆಲಸವನ್ನು ಒಂದೇ ಮಾಡುವ ಏರ್ಪಾಡು ಈಗ ಬಂದಿದೆ. ವ್ಯಾನ್‌ಗಾರ್ಡ್ ಕಂಪನಿಯ ವಿ.ಇ.ಕ್ಯೂ.ಟಿ., ಐಷೇರ್ಸ್‌ನ ಎಕ್ಸ್.ಇ.ಕ್ಯೂ.ಟಿ., ಎರಡೂ 2019ರಲ್ಲಿ ಬಂದವು. ಕೆನಡ, ಅಮೆರಿಕ, ಉಳಿದ ಜಗತ್ತು, ಎಲ್ಲ ಕಡೆಯ ಸಾವಿರಾರು ಕಂಪನಿಗಳು ಇವುಗಳೊಳಗೆ ಇವೆ. ಖರ್ಚು ನೂರಕ್ಕೆ ಕಾಲು ಡಾಲರಿಗೂ ಒಳಗೆ. ನೂರಕ್ಕೆ ಇಪ್ಪತ್ತು ಬಾಂಡು ಬೇಕೆನ್ನುವವರಿಗೆ ವಿ.ಜಿ.ಆರ್.ಒ., ನಲವತ್ತು ಬೇಕೆನ್ನುವವರಿಗೆ ವಿ.ಬಿ.ಎ.ಎಲ್. ಬಾಂಡು ಬೇಡವೆಂದು ಭಾವನವರ ವಾದ. "2020ರ ಮಾರ್ಚಿ ನೆನಪಿದೆಯೆ?" ಎಂದಳು ಅಕ್ಕ. ಆ ವರ್ಷ ಫೆಬ್ರವರಿಯಿಂದ ಮಾರ್ಚಿಯೊಳಗೆ ಟೊರಾಂಟೋ ಪೇಟೆ ಮೂರನೆಯ ಒಂದು ಪಾಲಿಗೂ ಹೆಚ್ಚಾಗಿ ಕುಸಿದಾಗ, ರಾತ್ರಿ ಎರಡು ಗಂಟೆಗೆ ಎದ್ದು ಎಲ್ಲವನ್ನೂ ಮಾರಲು ಹೊರಟವರು ಯಾರೆಂಬುದು ಇಬ್ಬರಿಗೂ ಗೊತ್ತಿತ್ತು. ಬಾಂಡಿನ ಪ್ರಮಾಣ ಇಪ್ಪತ್ತೆಂದು ಆ ಕ್ಷಣವೇ ತೀರ್ಮಾನವಾಯಿತು.

ಮೂರನೆಯ ಸಂಜೆ ಪೂರ್ತಿ ಅಮೆರಿಕಕ್ಕೆ ಹೋಯಿತು. ಅಮೆರಿಕದ ಕಂಪನಿಗಳು ಕೊಡುವ ಲಾಭಾಂಶದಲ್ಲಿ ನೂರಕ್ಕೆ ಹದಿನೈದನ್ನು ಆ ದೇಶ ಮೊದಲೇ ಮುರಿದುಕೊಳ್ಳುತ್ತದೆ. ಟಿ.ಎಫ್.ಎಸ್.ಎ.ಯಲ್ಲಿಟ್ಟರೆ ಅದು ಹೋದದ್ದೇ. ಸಾಮಾನ್ಯ ಖಾತೆಯಲ್ಲಿ ಕೆನಡದ ತೆರಿಗೆಗೆ ವಜಾ ಹಾಕಿಕೊಳ್ಳಬಹುದು. ಆರ್.ಆರ್.ಎಸ್.ಪಿ.ಯಲ್ಲಾದರೆ ಎರಡು ದೇಶಗಳ ಒಪ್ಪಂದದಿಂದ ಮುರಿತವಿಲ್ಲ. ಆದರೆ ನ್ಯೂಯಾರ್ಕಿನ ಪೇಟೆಯ ಫಂಡನ್ನೇ, ಅಮೆರಿಕದ ಡಾಲರಿನಲ್ಲಿ, ನೇರವಾಗಿ ಕೊಂಡಿರಬೇಕು. ಕೆನಡದ ಫಂಡಿನ ಹೊಟ್ಟೆಯೊಳಗಿದ್ದರೆ ಆ ರಿಯಾಯಿತಿ ಇಲ್ಲ. ಭಾವನವರು ಇದರ ಮೇಲೆ ಎರಡು ಪುಟ ಬೀಜಗಣಿತ ಮಾಡಿದ್ದರು.

ನಾನು ಮೇಷ್ಟ್ರ ಲೆಕ್ಕ ಕೇಳಿದೆ. "ಟಿ.ಎಫ್.ಎಸ್.ಎ.ಯಲ್ಲಿ ಈ ವರ್ಷ ಹಾಕುವ 7,000ದಲ್ಲಿ ಅಮೆರಿಕದ ಪಾಲೆಷ್ಟು?" ಮೂರು ಸಾವಿರದ ಆಚೀಚೆ. "ಅದರ ಲಾಭಾಂಶ?" ನೂರಕ್ಕೆ ಒಂದೂವರೆ ಡಾಲರಿನ ಹಾಗೆ. "ಹೋಗುವುದು?" ವರ್ಷಕ್ಕೆ ಆರೇಳು ಡಾಲರು. ಆರ್.ಆರ್.ಎಸ್.ಪಿ.ಯಲ್ಲಿ ನೇರವಾಗಿ ಕೊಂಡರೂ ಅವರಿಗೆ ಉಳಿಯುವುದು ವರ್ಷಕ್ಕೆ 65 ಡಾಲರಿನಷ್ಟು. ಅದರಲ್ಲಿ ಹಣ ಬದಲಾಯಿಸುವ ಖರ್ಚು ಕಳೆಯಬೇಕು.

"ಆರ್.ಆರ್.ಎಸ್.ಪಿ.ಯಲ್ಲಿ ಈಗ ಇರುವುದು ಯಾವ ಫಂಡು ಭಾವ?"

ಉತ್ತರ ಬರಲಿಲ್ಲ. ಅಕ್ಕ ಒಳಗಿನಿಂದ ಲಕೋಟೆಯೊಂದನ್ನು ತಂದು ನನ್ನ ಮುಂದಿಟ್ಟಳು. ವರ್ಷಕ್ಕೊಮ್ಮೆ ಬರುವ ಖರ್ಚಿನ ವರದಿ. 64,000 ಡಾಲರು ಹಳೆಯ ಮ್ಯೂಚುಯಲ್ ಫಂಡೊಂದರಲ್ಲಿತ್ತು. ಮಾರಿಕೊಟ್ಟ ಸಂಸ್ಥೆಗೆ ಆ ವರ್ಷ ಸಂದದ್ದು 640. ಅದು ಮಾರಿದವರ ಪಾಲು ಮಾತ್ರ. ಫಂಡಿನ ಒಟ್ಟು ಖರ್ಚು ನೂರಕ್ಕೆ 2.1, ಅಂದರೆ 1,300 ಡಾಲರಿಗೂ ಮೇಲೆ. ಆರೇಳು ಡಾಲರಿಗೆ ಎರಡು ಪುಟ ಬೀಜಗಣಿತ ಮಾಡಿದ ಮಹಾನುಭಾವರು ಇದನ್ನು ಏಳು ವರ್ಷದಿಂದ ಮುಟ್ಟಿರಲಿಲ್ಲ.

ಏಕೆಂದರೆ ಮಾರಿದವರು ಸ್ನೇಹಿತರು. ಇವರು ಹಿಮದಲ್ಲಿ ಬಂದಿಳಿದ ವಾರ ದಪ್ಪ ಕೋಟು ತಂದುಕೊಟ್ಟವರು, ಮೊದಲ ಯುಗಾದಿಗೆ ಮನೆಗೆ ಕರೆದು ಒಬ್ಬಟ್ಟು ಬಡಿಸಿದವರು. ದಾಕ್ಷಿಣ್ಯವನ್ನು ಕುರಿತು ನಮ್ಮಲ್ಲೊಂದು ಗಾದೆಯಿದೆ. ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕುವಂತಿಲ್ಲ. ವಾಚಕರಿಗೆ ಅದು ಗೊತ್ತೇ ಇದೆ.

ನಾಲ್ಕನೆಯ ಸಂಜೆ ಅಕ್ಕನೇ ಪೆನ್ಸಿಲು ಹಿಡಿದಳು. ಪೇಟೆ ವರ್ಷಕ್ಕೆ ನೂರಕ್ಕೆ ಆರರಂತೆ ಬೆಳೆಯಿತೆಂದುಕೊಳ್ಳೋಣ. ಅದು ಊಹೆ, ಭರವಸೆಯಲ್ಲ. ಖರ್ಚು 2.1 ಆದರೆ 64,000 ಡಾಲರು ಇಪ್ಪತ್ತೈದು ವರ್ಷದಲ್ಲಿ ಸುಮಾರು 1,66,500 ಆಗುತ್ತದೆ. ಖರ್ಚು 0.2 ಆದರೆ 2,62,000. ನಡುವಿನ ವ್ಯತ್ಯಾಸ 95,000 ಡಾಲರಿಗೂ ಹೆಚ್ಚು.

"ಒಂದು ಕೋಟಿಗೆ ಇದು ಬಹಳವಾಯಿತು" ಎಂದಳು ಅಕ್ಕ. ಹಿಮದ ಕೋಟೋ ರೂಪಾಯಿಯ ಕೋಟಿಯೋ ಎಂದು ಕೇಳುವ ಧೈರ್ಯ ವ್ಯಾಕರಣದ ಮೇಷ್ಟ್ರಿಗೂ ಬರಲಿಲ್ಲ.

ಮುಂದಿನದು ಸುಲಭ. ಆರ್.ಆರ್.ಎಸ್.ಪಿ.ಯ ಒಳಗೆ ಒಂದು ಫಂಡು ಮಾರಿ ಇನ್ನೊಂದನ್ನು ಕೊಂಡರೆ ತೆರಿಗೆಯಿಲ್ಲ. ಹಣವನ್ನು ಕೈಗೆ ತೆಗೆದುಕೊಂಡರೆ ಮಾತ್ರ ಆಪತ್ತು: ಅದು ಆ ವರ್ಷದ ಆದಾಯವಾಗುತ್ತದೆ, ಆ ಜಾಗ ಮತ್ತೆ ಸಿಗುವುದೂ ಇಲ್ಲ. ಆದ್ದರಿಂದ ಖಾತೆಯಿಂದ ಖಾತೆಗೆ ನೇರವಾಗಿ ವರ್ಗಾಯಿಸುವ ಅರ್ಜಿಯನ್ನು ಹೊಸ ಸಂಸ್ಥೆಯ ಮೂಲಕವೇ ಸಲ್ಲಿಸಬೇಕು. ಬೇಗ ಬಿಟ್ಟುಹೋದರೆ ದಂಡ ಮುರಿಯುವ ಫಂಡುಗಳ ಮಾರಾಟ ಆ ದೇಶದಲ್ಲಿ 2022ರ ಜೂನಿನಿಂದ ನಿಂತಿದೆ. ಇವರದು ಅದಕ್ಕೂ ಹಿಂದಿನದಾದ್ದರಿಂದ ಕೇಳಿ ನೋಡಿದರು, ದಂಡದ ಅವಧಿ ಮುಗಿದಿತ್ತು.

ಸ್ನೇಹಿತರಿಗೆ ವಿಷಯವನ್ನು ಮೊದಲೇ ತಿಳಿಸಬೇಕೆಂದು ಅಕ್ಕನ ಹಟ. ಭಾನುವಾರ ಊಟಕ್ಕೆ ಕರೆದರು. ಬಿಸಿಬೇಳೆಭಾತು ಮುಗಿಯುವ ತನಕ ಭಾವನವರು ಹವಾಮಾನವನ್ನೇ ಮಾತನಾಡಿದರು. ಕೊನೆಗೆ ಮಜ್ಜಿಗೆಯನ್ನದ ಹೊತ್ತಿಗೆ ಅಕ್ಕ ಹೇಳಿಯೇಬಿಟ್ಟಳು. ಆತನ ಮುಖ ಒಂದು ಕ್ಷಣ ಸಪ್ಪಗಾಯಿತು. "ನನ್ನ ಸಂಸಾರವೂ ಇದರಲ್ಲೇ ನಡೆಯಬೇಕಲ್ಲಮ್ಮ" ಎಂದರು. ಅದೂ ನಿಜ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅವರೇ, ಕಾಗದಕ್ಕೆ ಎಲ್ಲೆಲ್ಲಿ ಸಹಿ ಬೇಕೆಂದು ತೋರಿಸಿಕೊಟ್ಟರು.

ಹಣ ಹೊಸ ಖಾತೆಗೆ ಬರಲು ಮೂರು ವಾರ ಹಿಡಿಯಿತು. ನಾನು ಹೊರಡುವ ದಿನ ಬೆಳಗ್ಗೆ ಭಾವನವರು ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಇಡೀ ಮೊತ್ತಕ್ಕೆ ವಿ.ಜಿ.ಆರ್.ಒ. ಕೊಂಡರು. ಹತ್ತು ನಿಮಿಷದ ಕೆಲಸ. ನೋಟುಪುಸ್ತಕದಲ್ಲಿ ತಾರೀಖು, ಬೆಲೆ, ಸಂಖ್ಯೆ ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು, ಕಾರಿನ ಬೀಗದ ಕೈ ಹುಡುಕಲು ಎದ್ದರು.