ನಮ್ಮ ಕಾರು ಯಾರಿಗೆ ವರದಿ ಒಪ್ಪಿಸುತ್ತಿದೆ?

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಇಂಟರ್‌ನೆಟ್ ಸಂಪರ್ಕವಿರುವ ಹೊಸ ಕಾರುಗಳು ತಮ್ಮನ್ನು ಓಡಿಸುವವರ ಬಗ್ಗೆ ದಿನವಿಡೀ ಮಾಹಿತಿ ಕಲೆಹಾಕುತ್ತಿವೆ. ಅದು ಎಲ್ಲಿಗೆ ಹೋಗುತ್ತಿದೆ, ಯಾರ ಕೈಯಲ್ಲಿದೆ, ಬೇಡವೆಂದರೆ ನಿಲ್ಲಿಸಲು ಮಾಲೀಕನಿಗೆ ಏನು ದಾರಿ ಎಂದು ತಿಳಿಯಲು ಶೋರೂಮಿನಲ್ಲಿ ಕೇಳಿದೆ, ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ, ಇ-ಮೇಲ್ ಬರೆದೆ. ಎಲ್ಲ ಕಡೆಯಿಂದ ಬಂದದ್ದು ಒಂದೇ ಉತ್ತರ: 'ನೀವೇ ಒಪ್ಪಿಗೆ ಕೊಟ್ಟಿದ್ದೀರಿ.' ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಆ ಒಪ್ಪಿಗೆಯನ್ನು ಹೇಗೆ ಪಡೆಯುತ್ತಾರೆ ಎಂಬುದನ್ನೇ ಮೊದಲು ಹೇಳುತ್ತೇನೆ.

ಡೆಲಿವರಿ ದಿನ ಷರತ್ತು ಓದುವ ಮನಸ್ಸು ಯಾರಿಗೂ ಇರುವುದಿಲ್ಲ. ಮನೆಮಂದಿಯೆಲ್ಲ ಬಂದಿರುತ್ತಾರೆ. ಬಾನೆಟ್ ಮೇಲೆ ಹಾರ, ಚಕ್ರದಡಿ ನಿಂಬೆಹಣ್ಣು. ರಾಹುಕಾಲಕ್ಕೆ ಮುಂಚೆ ಗಾಡಿ ಹೊರಗೆ ತೆಗೆಯಬೇಕೆಂದು ಹಿರಿಯರು ಗಡಿಯಾರ ನೋಡುತ್ತಿರುತ್ತಾರೆ. ಅಷ್ಟರಲ್ಲಿ ಸೇಲ್ಸ್ ಹುಡುಗ ನಮ್ಮ ಫೋನನ್ನೇ ಇಸಿದುಕೊಂಡು ಕಂಪನಿಯ ಆ್ಯಪ್ ಹಾಕುತ್ತಾನೆ. 'ಸಾರ್, ಒಂದು ಓಟಿಪಿ ಬಂದಿರುತ್ತೆ, ಹೇಳಿ' ಎನ್ನುತ್ತಾನೆ. ಹೇಳುತ್ತೇವೆ. ಒಂದರ ಹಿಂದೊಂದು ಚೌಕಕ್ಕೆ ಅವನೇ ಟಿಕ್ ಹಾಕಿ, ಫೋನ್ ವಾಪಸ್ ಕೊಟ್ಟು, ಕೀಲಿ ಕೊಡುವ ಫೋಟೋಗೆ ನಿಲ್ಲಿಸುತ್ತಾನೆ. ನಾನು ಕಾರು ತೆಗೆದುಕೊಂಡ ದಿನ ನಡೆದದ್ದೂ ಇಷ್ಟೇ. ಆ ಹುಡುಗನನ್ನು ದೂರಿ ಪ್ರಯೋಜನವಿಲ್ಲ, ಅವನು ಹೇಳಿದ ಕೆಲಸ ಮಾಡುತ್ತಾನೆ. ಷರತ್ತುಗಳ ಪುಟವನ್ನು ಆಮೇಲೆ ಮನೆಯಲ್ಲಿ ಕೂತು ತೆರೆದೆ. ಪೂರ್ತಿ ಇಂಗ್ಲಿಷಿನಲ್ಲಿದೆ. ನಮ್ಮ ಮಾಹಿತಿಯನ್ನು ಪಾಲುದಾರರು, ಸಹಸಂಸ್ಥೆಗಳು, ಸೇವೆ ಒದಗಿಸುವವರೊಂದಿಗೆ ಹಂಚಿಕೊಳ್ಳಬಹುದು ಎಂದಿದೆ. ಆ ಪಾಲುದಾರರು ಯಾರು ಎಂದು ಹುಡುಕಿದೆ. ಒಂದೇ ಒಂದು ಹೆಸರಿಲ್ಲ.

ಇಂಥ ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಟೆಲಿಮ್ಯಾಟಿಕ್ಸ್ ಘಟಕವೊಂದು ಕೂತಿರುತ್ತದೆ. ಅದರಲ್ಲಿ ಜಿಪಿಎಸ್ ಇರುತ್ತದೆ, ಅದರದ್ದೇ ಆದ ಸಿಮ್ ಇರುತ್ತದೆ. ಯಂತ್ರಗಳಿಗೆಂದೇ ಮೀಸಲಾದ ಈ ಸಿಮ್‌ಗಳಿಗೆ ನಮ್ಮ ದೂರಸಂಪರ್ಕ ಇಲಾಖೆ 13 ಅಂಕಿಯ ಸಂಖ್ಯೆಯನ್ನು ಗೊತ್ತುಮಾಡಿದೆ. ಹಾಗಾಗಿ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೊರಟರೂ ಕಾರು ತನ್ನ ಪಾಡಿಗೆ ಕಂಪನಿಯ ಸರ್ವರ್‌ಗೆ ವರದಿ ಒಪ್ಪಿಸಬಲ್ಲದು. ಎಷ್ಟು ಗಂಟೆಗೆ ಹೊರಟೆ, ಯಾವ ದಾರಿ ಹಿಡಿದೆ, ಎಲ್ಲಿ ಎಷ್ಟು ಹೊತ್ತು ನಿಲ್ಲಿಸಿದೆ, ಎಲ್ಲಿ ಜೋರಾಗಿ ಬ್ರೇಕ್ ಒತ್ತಿದೆ ಎಂಬುದೆಲ್ಲ ದಾಖಲಾಗುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಇದರಲ್ಲೇನಿದೆ ಅನ್ನಿಸಬಹುದು. ಒಂದು ತಿಂಗಳ ನಿಲುಗಡೆಗಳನ್ನು ಸಾಲಾಗಿ ಜೋಡಿಸಿ ನೋಡಿ: ಮನೆ ಯಾವುದು, ಮಕ್ಕಳ ಶಾಲೆ ಯಾವುದು, ಶುಕ್ರವಾರ ಮಸೀದಿಗೆ ಹೋಗುವವರೋ ಶನಿವಾರ ಹನುಮಂತನ ಗುಡಿಗೆ ಹೋಗುವವರೋ, ವಾರಕ್ಕೆರಡು ಸಲ ಡಯಾಲಿಸಿಸ್ ಕೇಂದ್ರದೆದುರು ನಾಲ್ಕು ತಾಸು ಗಾಡಿ ನಿಲ್ಲುವುದೇಕೆ, ಯಾವ ವಕೀಲರನ್ನು ಕಾಣುತ್ತಿದ್ದಾರೆ, ಯಾವ ಪಕ್ಷದ ಸಭೆಗೆ ಹೋಗಿದ್ದರು ಎಲ್ಲವೂ ತಿಳಿದುಬಿಡುತ್ತದೆ. ಒಡಹುಟ್ಟಿದವರಿಗೂ ಹೇಳದ ಸಂಗತಿಗಳಿವು.

ಅದರ ಮೇಲೆ ಅಂಕ ಬೇರೆ. ನನ್ನ ಆ್ಯಪ್‌ನಲ್ಲಿ ಪ್ರತಿ ಪ್ರಯಾಣಕ್ಕೂ ನೂರಕ್ಕೆ ಇಷ್ಟೆಂದು ಅಂಕ ಬರುತ್ತದೆ. ಸಾಗರದ ರಸ್ತೆಯಲ್ಲಿ ಒಮ್ಮೆ ಬಣ್ಣ ಬಳಿಯದ ಹಂಪ್ ಕಂಡು ಬ್ರೇಕ್ ಒತ್ತಿದೆ, ಮುಂದೆ ಕರುವೊಂದು ಅಡ್ಡ ಬಂದಾಗ ಇನ್ನೊಮ್ಮೆ ಒತ್ತಿದೆ. ಮನೆಗೆ ಬಂದು ನೋಡಿದರೆ 'ಹಾರ್ಶ್ ಬ್ರೇಕಿಂಗ್ 2' ಎಂದು ಕೆಂಪು ಅಕ್ಷರ, ಅಂಕ ಕಡಿತ. ಕರು ಬದುಕಿದ್ದು ಆ ಲೆಕ್ಕದಲ್ಲಿಲ್ಲ. ಹಂಪ್ ಹಾಕಿ ಬಣ್ಣ ಬಳಿಯದೆ ಹೋದ ಗುತ್ತಿಗೆದಾರನೂ ಇಲ್ಲ. ಜಾಗರೂಕತೆಯಿಂದ ಓಡಿಸಿದವನೇ ಅಜಾಗರೂಕ ಚಾಲಕ ಎನ್ನಿಸಿಕೊಂಡ. ಈ ಅಂಕ ನನ್ನ ಫೋನಿನಲ್ಲಷ್ಟೇ ಇದ್ದಿದ್ದರೆ ಸುಮ್ಮನಿರುತ್ತಿದ್ದೆ. ಅದು ಹೊರಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಪ್ರಕರಣವೇ ಸಾಕ್ಷಿ.

2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ಸಂಗತಿಯನ್ನು ಬಯಲಿಗೆ ತಂದಿತು. ಆ ಕಂಪನಿಯ 'ಆನ್‌ಸ್ಟಾರ್ ಸ್ಮಾರ್ಟ್ ಡ್ರೈವರ್' ಎಂಬ ಸೌಲಭ್ಯ ಚಾಲನೆ ಸುಧಾರಿಸಿಕೊಳ್ಳಲು ಸಹಾಯ ಮಾಡುತ್ತದೆ ಎಂದು ಹೇಳಿಕೊಳ್ಳುತ್ತಿತ್ತು. ಅದು ಕಲೆಹಾಕಿದ ವಿವರ ಲೆಕ್ಸಿಸ್‌ನೆಕ್ಸಿಸ್, ವೆರಿಸ್ಕ್ ಎಂಬ ದತ್ತಾಂಶ ವ್ಯಾಪಾರಿಗಳಿಗೆ, ಅಲ್ಲಿಂದ ವಿಮಾ ಕಂಪನಿಗಳಿಗೆ ಹೋಗುತ್ತಿತ್ತು. ಒಂದೂ ಅಪಘಾತ ಮಾಡದವರ ಪ್ರೀಮಿಯಂ ಏರಿತು. ಏಕೆ ಏರಿತೆಂದು ಬೆನ್ನುಹತ್ತಿ ಹೋದಾಗಲೇ ಅವರಿಗೆ ತಮ್ಮ ಕಾರಿನ ಕೆಲಸ ಗೊತ್ತಾದದ್ದು. ಟೆಕ್ಸಾಸ್ ರಾಜ್ಯ ಮೊಕದ್ದಮೆ ಹೂಡಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮಂಡಿಸಿದ ದೂರಿನ ಪ್ರಕಾರ, ಕಾರು ಇದ್ದ ಜಾಗವನ್ನು ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ದಾಖಲಿಸಲಾಗುತ್ತಿತ್ತು. ಇಂಥ ಮಾಹಿತಿಯನ್ನು ಗ್ರಾಹಕ ವರದಿ ಸಂಸ್ಥೆಗಳಿಗೆ ಐದು ವರ್ಷ ಕೊಡಕೂಡದು ಎಂಬ ನಿರ್ಬಂಧ ಬಿತ್ತು. ಜೋರು ಬ್ರೇಕ್, ಅತಿವೇಗದ ಜೊತೆಗೆ ತಡರಾತ್ರಿ ಗಾಡಿ ಓಡಿಸುವುದೂ ಅಲ್ಲಿ ಚಾಲಕರ ಲೆಕ್ಕಕ್ಕೆ ಸೇರುತ್ತಿತ್ತು.

ತಡರಾತ್ರಿ ಎಂದಾಗ ನನಗೆ ತಂಗಿಯ ಮಗಳ ನೆನಪಾಗುತ್ತದೆ. ಮಂಗಳೂರಿನಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿಗೆ ಹೋಗಿಬರಲು ಅನುಕೂಲವಾಗಲೆಂದು ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಳು. ಆರ್‌ಸಿ ಅವಳ ಹೆಸರಿಗಾಯಿತು, ಇನ್ಶೂರೆನ್ಸ್ ಆಯಿತು, ಎಲ್ಲ ಮುಗಿಯಿತೆಂದುಕೊಂಡೆವು. ಕೆಲವು ತಿಂಗಳ ಮೇಲೆ ಹಳೆಯ ಮಾಲೀಕರು ಫೋನ್ ಮಾಡಿದರು. ವಯಸ್ಸಾದವರು, ಸಂಭಾವಿತರು. 'ಅಮ್ಮಾ, ನಿಮ್ಮ ಗಾಡಿ ಎಲ್ಲಿದೆ ಅಂತ ನನ್ನ ಫೋನಿಗೆ ಇನ್ನೂ ಬರ್ತಾ ಇದೆ. ಇವತ್ತು ಡೋರ್ ಲಾಕ್ ಆಗಿಲ್ಲ ಅಂತ ಬಂತು. ಅದಕ್ಕೇ ಹೇಳೋಣ ಅಂತ ಮಾಡಿದೆ. ಇದನ್ನ ಹೇಗೆ ತೆಗೆಸೋದು ನೋಡಿ' ಎಂದರು. ಅಷ್ಟು ದಿನವೂ ಅವಳು ರೂಮು ಬಿಟ್ಟ ಹೊತ್ತು, ಆಸ್ಪತ್ರೆ ತಲುಪಿದ ಹೊತ್ತು, ನಡುರಾತ್ರಿ ಗಾಡಿ ನಿಂತ ಬೀದಿ ಎಲ್ಲವೂ ಗುರುತು ಪರಿಚಯವಿಲ್ಲದ ಒಬ್ಬರ ಫೋನಿನಲ್ಲಿ ಕಾಣುತ್ತಿತ್ತು. ಸರ್ವೀಸ್ ಸೆಂಟರಿಗೆ ಹೋದರೆ, ನೋಂದಾಯಿತ ನಂಬರಿಗೆ ಓಟಿಪಿ ಹೋಗುತ್ತದೆ, ಹಳೆಯ ಮಾಲೀಕರೇ ಹೇಳಬೇಕು, ನಮ್ಮ ಕೈಯಲ್ಲೇನೂ ಇಲ್ಲ ಎಂದರು. ಆರ್‌ಸಿ ತೋರಿಸಿದರೂ ಆಗಲಿಲ್ಲ. ಆ ಹಿರಿಯರು ಮುತುವರ್ಜಿ ವಹಿಸಿ ಓಟಿಪಿ ಕೊಟ್ಟಿದ್ದರಿಂದ ಬಗೆಹರಿಯಿತು. ಅವರ ಜಾಗದಲ್ಲಿ ಕೇಡಿಗನೊಬ್ಬ ಇದ್ದಿದ್ದರೆ ಫೋನೇ ಬರುತ್ತಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಮಾಹಿತಿ ಮಾರದಿದ್ದರೂ, ಒಂದೆಡೆ ಗುಡ್ಡೆ ಹಾಕಿಟ್ಟ ಮೇಲೆ ಅದು ಸೋರುವ ಭಯ ಇದ್ದೇ ಇರುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಸಾಫ್ಟ್‌ವೇರ್ ಸಂಸ್ಥೆ ಕಾರಿಯಾಡ್ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ದತ್ತಾಂಶವನ್ನು ಸರಿಯಾದ ಭದ್ರತೆಯಿಲ್ಲದೆ ಕ್ಲೌಡ್‌ನಲ್ಲಿ ಇಟ್ಟಿತ್ತು. 2024ರ ಡಿಸೆಂಬರ್‌ನಲ್ಲಿ ಜರ್ಮನಿಯ ಡೆರ್ ಶ್ಪೀಗೆಲ್ ಪತ್ರಿಕೆ ಅದನ್ನು ಬಯಲು ಮಾಡಿದಾಗ, ಅವುಗಳಲ್ಲಿ 4.6 ಲಕ್ಷ ಕಾರುಗಳು ಎಲ್ಲೆಲ್ಲಿ ನಿಂತಿದ್ದವೆಂಬ ವಿವರವೂ ಇತ್ತೆಂದು ತಿಳಿಯಿತು. ಜಪಾನಿನಲ್ಲಿ ಟೊಯೊಟಾ 21.5 ಲಕ್ಷ ಗ್ರಾಹಕರ ವಾಹನ ಮಾಹಿತಿ ಹತ್ತು ವರ್ಷ ಹೊರಗಿನವರಿಗೆ ತೆರೆದೇ ಇತ್ತೆಂದು 2023ರಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ಮೊಜಿಲ್ಲಾ ಪ್ರತಿಷ್ಠಾನ 25 ಕಾರು ಬ್ರ್ಯಾಂಡ್‌ಗಳನ್ನು ಖಾಸಗಿತನದ ದೃಷ್ಟಿಯಿಂದ ಪರಿಶೀಲಿಸಿತು, ಒಂದೂ ಪಾಸಾಗಲಿಲ್ಲ. ಕಾನೂನು ಬಿಗಿಯಾಗಿರುವ ದೇಶಗಳಲ್ಲೇ ಹೀಗಾದರೆ ನಮ್ಮಲ್ಲಿ ಯಾರು ಪರೀಕ್ಷಿಸಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮಲ್ಲಿ ಬಾಗಿಲು ಆಗಲೇ ತೆರೆದಿದೆ. ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಎಂಬುದರ ಮೇಲೆ ಪ್ರೀಮಿಯಂ ನಿಗದಿ ಮಾಡುವ ಆ್ಯಡ್-ಆನ್‌ಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲೇ ಅನುಮತಿ ಕೊಟ್ಟಿದೆ. ಕಡಿಮೆ ಓಡಿಸುವವರಿಗೆ ಅದರಿಂದ ಲಾಭವೂ ಇದೆ, ತಿಳಿದು ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ. ಕೇಳದೆ ಹಿಂಬಾಗಿಲಿನಿಂದ ಆ ಲೆಕ್ಕ ವಿಮಾ ಕಂಪನಿಗೆ ತಲುಪಬಾರದು. ಇನ್ನೊಂದನ್ನು ನಿಮಗೆ ನೆನಪಿಸಲೇಬೇಕು. ವಾಹನ್ ಮತ್ತು ಸಾರಥಿ ದತ್ತಾಂಶಗಳನ್ನು, ಎಂದರೆ ನಮ್ಮ ಆರ್‌ಸಿ, ಡಿಎಲ್ ವಿವರಗಳನ್ನು, ಸಗಟಾಗಿ ಹಂಚುವ ನೀತಿಯನ್ನು 2019ರಲ್ಲಿ ತಂದದ್ದು ನಿಮ್ಮ ಸಚಿವಾಲಯವೇ. 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ಅದನ್ನು ಕೊಟ್ಟಿದ್ದೇವೆ, 65 ಕೋಟಿ ರೂಪಾಯಿ ಬಂದಿದೆ ಎಂದು ಆ ವರ್ಷದ ಜುಲೈನಲ್ಲಿ ರಾಜ್ಯಸಭೆಗೆ ತಿಳಿಸಲಾಯಿತು. ದುರ್ಬಳಕೆಯ ಆತಂಕದಿಂದ 2020ರ ಜೂನ್‌ನಲ್ಲಿ ಆ ನೀತಿಯನ್ನು ನೀವೇ ಕೈಬಿಟ್ಟಿರಿ. ಅದು ಒಳ್ಳೆಯ ನಿರ್ಧಾರ. ಮಾಲೀಕನ ಹೆಸರು, ವಿಳಾಸಕ್ಕೆ ಅಷ್ಟು ಕಾಳಜಿ ಬೇಕಾದರೆ, ಅವನು ದಿನಾ ಓಡಾಡುವ ದಾರಿಗೆ ಅದಕ್ಕಿಂತ ಹೆಚ್ಚಿನದು ಬೇಡವೇ?

ಸುರಕ್ಷತೆಗೆ ಇದೆಲ್ಲ ಬೇಕು ಎಂದು ಕಂಪನಿಗಳು ಹೇಳುತ್ತವೆ. ಕಳವಾದ ಕಾರು ಹುಡುಕಲು, ಅಪಘಾತವಾದಾಗ ಸಹಾಯ ಕರೆಯಲು ಈ ತಂತ್ರಜ್ಞಾನ ನೆರವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಜೀವ ಉಳಿಸಲು ದಿನವಿಡೀ ಬೆನ್ನುಹತ್ತಬೇಕಿಲ್ಲ. ಯುರೋಪಿನಲ್ಲಿ 2018ರಿಂದ ಹೊಸ ಮಾದರಿಯ ಕಾರುಗಳಿಗೆ 'ಇ-ಕಾಲ್' ಕಡ್ಡಾಯ. ದೊಡ್ಡ ಅಪಘಾತವಾದರೆ ಕಾರು ತಾನಾಗಿಯೇ 112ಕ್ಕೆ ಕರೆ ಮಾಡಿ ಜಾಗ ತಿಳಿಸುತ್ತದೆ. ಉಳಿದ ಹೊತ್ತು ಆ ವ್ಯವಸ್ಥೆ ಸುಮ್ಮನಿರಬೇಕು, ಅದರ ಮೂಲಕ ಕಾರಿನ ಜಾಡು ಹಿಡಿಯುವಂತಿರಬಾರದು ಎಂದು ಅಲ್ಲಿನ ನಿಯಮವೇ ಹೇಳುತ್ತದೆ. ನನ್ನ ಕಾರಿನಲ್ಲಿ ಹಾಗಿಲ್ಲ. ಮಾಹಿತಿ ಹಂಚಿಕೆ ನಿಲ್ಲಿಸಿ ಎಂದು ಕೇಳಿದರೆ, ಸಂಪರ್ಕ ಸೇವೆಯನ್ನೇ ಪೂರ್ತಿ ಕಡಿತಗೊಳಿಸುತ್ತೇವೆ, ಎಸ್‌ಒಎಸ್ ಗುಂಡಿಯೂ ಕೆಲಸ ಮಾಡುವುದಿಲ್ಲ ಎಂದರು. ಇದನ್ನು ಆಯ್ಕೆ ಎನ್ನಲಾಗದು. ತಾಂತ್ರಿಕವಾಗಿ ಕಷ್ಟ ಎಂಬ ಮಾತನ್ನೂ ಕರ್ನಾಟಕದವರು ನಂಬುವುದು ಕಷ್ಟ. ಬಾಷ್, ಮರ್ಸಿಡಿಸ್-ಬೆಂಜ್‌ನಂಥ ಕಂಪನಿಗಳಿಗೆ ವಾಹನದ ಸಾಫ್ಟ್‌ವೇರ್ ಬರೆಯುವ ಸಾವಿರಾರು ಎಂಜಿನಿಯರ್‌ಗಳು ಬೆಂಗಳೂರಿನಲ್ಲೇ ಇದ್ದಾರೆ. ಎರಡು ಸ್ವಿಚ್ ಬೇರೆ ಮಾಡುವುದು ಅವರಿಗೆ ದೊಡ್ಡ ಕೆಲಸವಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನಲ್ಲಿ ಅವರು ಹಿಡಿದ ಹಠದಿಂದ ದೇಶಕ್ಕೆಲ್ಲ ದಕ್ಕಿದ ಹಕ್ಕು ಅದು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳೂ ಬಂದವು. ಒಪ್ಪಿಗೆ ಮುಕ್ತವಾಗಿರಬೇಕು, ಯಾವ ಉದ್ದೇಶಕ್ಕೆಂದು ನಿರ್ದಿಷ್ಟವಾಗಿರಬೇಕು, ಷರತ್ತಿಲ್ಲದಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ ಕಾಯ್ದೆ. ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಒಪ್ಪಿಗೆಯ ಕೋರಿಕೆಯನ್ನು ಓದುವ ಅವಕಾಶವಿರಬೇಕು ಎಂದೂ ಇದೆ. ಕನ್ನಡ ಆ ಪರಿಚ್ಛೇದದಲ್ಲಿದೆ. ಡೆಲಿವರಿ ದಿನದ ಓಟಿಪಿ ಇದರಲ್ಲಿ ಯಾವ ಮಾತಿಗೂ ಹೊಂದುವುದಿಲ್ಲ. ಆದರೆ ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದು ನಿಯಮ ಪ್ರಕಟವಾದ ಹದಿನೆಂಟು ತಿಂಗಳ ಮೇಲೆ, 2027ರ ಮೇ ಹೊತ್ತಿಗೆ. ಅಲ್ಲಿಯವರೆಗೆ ಮಾರಾಟವಾಗುವ ಕಾರುಗಳು ಏನು ಬೇಕಾದರೂ ಕಲೆಹಾಕಬಹುದೇ?

ಅಷ್ಟು ದಿನ ಕಾಯುವ ಅಗತ್ಯ ನಿಮಗಿಲ್ಲ. ಕಾರಿನ ಮಾದರಿಯೊಂದು ರಸ್ತೆಗಿಳಿಯಬೇಕಾದರೆ ನಿಮ್ಮ ನಿಯಮಗಳಡಿ ಪರೀಕ್ಷೆಗೊಳಪಟ್ಟು ಅನುಮೋದನೆ ಪಡೆಯಬೇಕು. ಬ್ರೇಕ್, ಹೊಗೆ, ದೀಪ ಎಲ್ಲಕ್ಕೂ ಮಾನದಂಡವಿದೆ. ಅದೇ ಸಾಲಿನಲ್ಲಿ, ತುರ್ತು ಕರೆಯನ್ನು ಉಳಿಸಿಕೊಂಡು ಉಳಿದೆಲ್ಲ ಮಾಹಿತಿ ರವಾನೆಯನ್ನು ಚಾಲಕನೇ ಕಾರಿನ ಪರದೆಯಲ್ಲಿ ನಿಲ್ಲಿಸುವಂತಿರಬೇಕೆಂಬ ಮಾನದಂಡವನ್ನೂ ತನ್ನಿ. ವಿಮಾ ಕಂಪನಿಗೆ ಏನೇ ಹೋಗಬೇಕಾದರೂ ಅದಕ್ಕೆ ಪ್ರತ್ಯೇಕ ಒಪ್ಪಿಗೆ, ಅದೂ ಕನ್ನಡದಲ್ಲಿ, ಶೋರೂಮಿನ ಗಡಿಬಿಡಿಯಲ್ಲಲ್ಲದೆ ಮಾಲೀಕ ಮನೆಯಲ್ಲಿ ಓದಿ ಕೊಡುವಂತಾಗಲಿ. ಇದಕ್ಕೆ ವಿಮಾ ಪ್ರಾಧಿಕಾರದೊಡನೆ ನೀವು ಕೂತು ಮಾತಾಡಬೇಕಾಗುತ್ತದೆ.

ಇನ್ನೊಂದು ಕೆಲಸಕ್ಕಂತೂ ಖರ್ಚೂ ಇಲ್ಲ, ತಜ್ಞರ ಸಮಿತಿಯೂ ಬೇಕಿಲ್ಲ. ವಾಹನ ಮಾರಿದಾಗ ಆರ್‌ಟಿಒಗೆ ಕೊಡುವ ಫಾರಂ 29 ಮತ್ತು 30ರಲ್ಲಿ ಒಂದು ಸಾಲು ಸೇರಿಸಿ: 'ಈ ವಾಹನಕ್ಕೆ ಜೋಡಿಸಿದ್ದ ಆ್ಯಪ್ ಖಾತೆಯನ್ನು ತೆಗೆದುಹಾಕಿದ್ದೇನೆ.' ಹೆಸರು ವರ್ಗಾವಣೆಯಾದ ಸುದ್ದಿ ವಾಹನ್ ಮೂಲಕವೇ ಕಂಪನಿಗೆ ತಲುಪಿ, ಹಳೆಯ ಖಾತೆ ತಾನಾಗಿಯೇ ಮುಚ್ಚಿಹೋಗುವಂತೆ ಮಾಡಿ. ಹೊಸ ಆರ್‌ಸಿ ಹಿಡಿದುಕೊಂಡು ಬಂದ ಹೆಣ್ಣುಮಗಳಿಗೆ ಯಾವ ಸರ್ವೀಸ್ ಸೆಂಟರೂ 'ಹಳೆಯ ಮಾಲೀಕರನ್ನು ಕೇಳಿ' ಎನ್ನಬಾರದು.

ಕೊನೆಯದಾಗಿ, ಈಗಾಗಲೇ ಹೋಗಿರುವ ಮಾಹಿತಿಯ ಪ್ರಶ್ನೆ. ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್‌ನಂಥ ಕಾರುಗಳು 'ಕನೆಕ್ಟೆಡ್ ಕಾರ್' ಎಂಬ ಹೆಸರಿನೊಂದಿಗೆ ನಮ್ಮ ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಅಲ್ಲಿಂದೀಚೆಗೆ ಇಂಥ ಕಾರು ಮಾರಿದ ಪ್ರತಿ ಕಂಪನಿಯೂ ಯಾರ ಯಾವ ಮಾಹಿತಿ ತನ್ನಲ್ಲಿದೆ, ಯಾವ ದೇಶದ ಸರ್ವರ್‌ನಲ್ಲಿದೆ, ಯಾರಿಗೆಲ್ಲ ಕೊಟ್ಟಿದೆ ಎಂದು ಆಯಾ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸುವಂತೆ ಆದೇಶಿಸಿ. ಕಂಪನಿಯೊಂದಕ್ಕೆ ನಾನು ಇದೇ ಪ್ರಶ್ನೆಗಳನ್ನು ಬರೆದು ಕಳಿಸಿದ್ದೆ. ನನಗೆ ಉತ್ತರ ಕೊಡದವರು ನಿಮಗೆ ಕೊಡಲೇಬೇಕಾಗುತ್ತದೆ.

ಇಂತಿ,
ಒಬ್ಬ ಕಾರು ಮಾಲೀಕ
ಶಿವಮೊಗ್ಗ